ಕಣ್ಣೀರಿನ ಚೂರು

ಕೇಳುವ ಕಿವಿ ಒಂದಿದ್ದರೆ ಸಾಕು, ಅಜ್ಜಿಯ ಬಾಯಲ್ಲಿ ಕಥೆಗಳಿಗೆ ಬರವಿರಲಿಲ್ಲ. ರಾಜರಾಣಿಯರ ವಿಷಯ ಆಕೆಗೆ ಅಷ್ಟಕ್ಕಷ್ಟೇ. ಗೊತ್ತಿದ್ದುದೆಲ್ಲ ಬೂಟು ಕಾರ್ಖಾನೆ. ಮೂವತ್ತೊಂದು ವರ್ಷ ಒಂದೇ ಕಾರ್ಖಾನೆಯ ಒಂದೇ ಕಿಟಕಿಯ ಪಕ್ಕ ಕೂತು ಬೂಟಿನ ಮೇಲ್ಚರ್ಮ ಕತ್ತರಿಸಿ ಹೊಲಿದವಳು. ಹಾಗಾಗಿ ಆಕೆಯ ಕಥೆಗಳಲ್ಲಿ ರಾಕ್ಷಸನ ಜಾಗದಲ್ಲಿ ಮೇಸ್ತ್ರಿ ಗುಡುಗುತ್ತಿದ್ದ, ಮಂತ್ರದಂಡದ ಜಾಗದಲ್ಲಿ ಸೂಜಿ ಮಿಂಚುತ್ತಿತ್ತು, ಏಳು ಸಮುದ್ರ ದಾಟಿ ಬರುತ್ತಿದ್ದುದು ಹಸಿ ಚರ್ಮದ ಮೂಟೆ.

ಕೇಳುವ ಕಿವಿ ಮೊಮ್ಮಗಳದು. ಅವಳಿಗೆ ಏಳು ವರ್ಷ. ಎಲ್ಲ ಮಕ್ಕಳೂ ಸಕ್ಕರೆ ಡಬ್ಬಿಗೆ ಕೈಹಾಕಿದರೆ ಇವಳು ಉಪ್ಪಿನ ಡಬ್ಬಿಗೆ ಹಾಕುತ್ತಿದ್ದಳು, ಕಲ್ಲುಪ್ಪನ್ನು ಮಿಠಾಯಿಯಂತೆ ಚೀಪುತ್ತಿದ್ದಳು. ಅದಕ್ಕೇ ಮನೆಯವರೆಲ್ಲ ಅವಳನ್ನು ಹರಳು ಎಂದು ಕರೆಯುತ್ತಿದ್ದರು.

ಆ ಭಾನುವಾರ ಬೆಳಿಗ್ಗೆ ಅಜ್ಜಿ ಹರಳುವನ್ನು ಅಡುಗೆಮನೆಯ ಬಾಗಿಲಿಗೆ ಬೆನ್ನು ಕೊಟ್ಟು ನಿಲ್ಲಿಸಿದ್ದಳು. ಬಾಗಿಲ ಚೌಕಟ್ಟಿನಲ್ಲಿ ಮಗುವಿನ ಎತ್ತರದ ಗೆರೆಗಳಿದ್ದವು, ಆರು ತಿಂಗಳಿಗೊಂದರಂತೆ.

"ಹಿಮ್ಮಡಿ ಎತ್ತಬೇಡ, ಕಳ್ಳಿ."

"ಎತ್ತಿಲ್ಲ ಅಜ್ಜಿ. ನನ್ನ ಕಾಲು ಇರೋದೇ ಹಾಗೆ."

ಅಜ್ಜಿ ತಲೆಯ ಮೇಲೆ ಅಡ್ಡಕ್ಕೆ ಪುಸ್ತಕವಿಟ್ಟು ಗೆರೆ ಎಳೆದಳು. ಹುಡುಗಿ ಪಕ್ಕಕ್ಕೆ ಸರಿದಳು. ಹೊಸ ಗೆರೆ ಎಲ್ಲೂ ಕಾಣಲಿಲ್ಲ. ಬಗ್ಗಿ ನೋಡಿದರೆ ಹಳೆಯ ಗೆರೆಯ ಮೈಮೇಲೇ ಬಿದ್ದಿತ್ತು. ಅದರ ಕೆಳಗಿನದೂ ಅದಕ್ಕೆ ಅಂಟಿಕೊಂಡೇ ಇತ್ತು. ಒಂದೂವರೆ ವರ್ಷದ ಮೂರು ಗೆರೆಗಳು ಒಂದೇ ದಪ್ಪ ಗೆರೆಯಾಗಿದ್ದವು.

"ಪೆನ್ಸಿಲ್ ಮೊಂಡಾಗಿದೆ," ಎಂದಳು ಅಜ್ಜಿ.

ಹೊರಬಾಗಿಲಲ್ಲಿ ಶೂ ಕಟ್ಟಿಕೊಳ್ಳುತ್ತಿದ್ದ ಅಳಿಯ ನಕ್ಕ. ಅವನು ಅಂಗಡಿಗಳಿಗೆ ಸಾಮಾನು ಮುಟ್ಟಿಸುವ ವ್ಯಾನ್ ಓಡಿಸುವವನು. "ಅತ್ತೆ, ನಿಮ್ಮ ಕೈಯಡುಗೆ ಅವಳನ್ನ ಅಡ್ಡಡ್ಡ ಬೆಳೆಸ್ತಾ ಇದೆ. ಕೆನ್ನೆ ನೋಡಿ. ಉದ್ದುದ್ದ ಬೆಳೆಸೋ ಅಡುಗೆ ಏನಾದ್ರೂ ಬರುತ್ತಾ?"

"ನಿಮ್ಮಮ್ಮನ್ನ ಕೇಳಿ ನೋಡ್ರಪ್ಪ. ನಿಮ್ಮನ್ನ ಬಾಗಿಲು ತಾಗೋ ಹಾಗೆ ಬೆಳೆಸಿದ್ದು ಅವರಲ್ವಾ."

ಮಗಳು ನಗಲಿಲ್ಲ. ಹರಳುವಿನ ತಾಯಿ ಕನ್ನಡಕದ ಗಾಜು ಅರೆಯುವ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಕೂದಲೆಳೆಯಷ್ಟು ವ್ಯತ್ಯಾಸವೂ ಅವಳ ಕಣ್ಣಿಗೆ ತಪ್ಪುತ್ತಿರಲಿಲ್ಲ. ಅವಳು ಬಂದು ಆ ದಪ್ಪ ಗೆರೆಯ ಮೇಲೆ ಬೆರಳಾಡಿಸಿದಳು. "ನಾಡಿದ್ದು ಡಾಕ್ಟರ ಹತ್ರ ಹೋಗ್ತೀವಲ್ಲ, ಕೇಳೋಣ," ಎಂದಳು. ಆಮೇಲೆ ಆ ದಿನವೆಲ್ಲ ಆ ಬಾಗಿಲಲ್ಲಿ ಹಾದುಹೋಗುವಾಗ ಯಾರೂ ಗೆರೆಯ ಕಡೆ ನೋಡಲಿಲ್ಲ.

ಹರಳು ಹುಟ್ಟಿದ ಹನ್ನೆರಡನೆಯ ದಿನ ಹಾಲು ಬಿಟ್ಟಿದ್ದಳು. ಕುಡಿದದ್ದನ್ನೆಲ್ಲ ಕಾರಿಕೊಂಡು, ಒಗೆದು ಹಿಂಡಿಟ್ಟ ಬಟ್ಟೆಯಂತೆ ತೊಟ್ಟಿಲಲ್ಲಿ ಬಿದ್ದಿದ್ದಳು. ಆಸ್ಪತ್ರೆಯಲ್ಲಿ ಒಬ್ಬ ಡಾಕ್ಟರಮ್ಮ ರಕ್ತ ನೋಡಿ, ಉಪ್ಪು ನೀರು ಏರಿಸಿ, ಔಷಧ ಚುಚ್ಚಿ, ಮೂರನೆಯ ದಿನ ಮಗು ಕೈಕಾಲು ಆಡಿಸತೊಡಗಿದ ಮೇಲೆ ಒಂದು ಹಾಳೆಯಲ್ಲಿ ಚಿತ್ರ ಬರೆದು ತೋರಿಸಿದ್ದರು. ಸೊಂಟದ ಹಿಂದೆ ಎರಡು ಮೂತ್ರಪಿಂಡಗಳು. ಅವುಗಳ ತಲೆಯ ಮೇಲೆ ಪುಟ್ಟ ಟೋಪಿಯಂತೆ ಎರಡು ಗ್ರಂಥಿಗಳು. ಅಲ್ಲಿ ಕೊಲೆಸ್ಟ್ರಾಲಿನಿಂದ ಹಾರ್ಮೋನು ತಯಾರಾಗುತ್ತದೆ, ಹಂತಹಂತವಾಗಿ, ಒಂದೊಂದು ಹಂತಕ್ಕೂ ಒಂದೊಂದು ಕಿಣ್ವ. ಈ ಮಗುವಿಗೆ ಹುಟ್ಟಿನಿಂದಲೇ ಒಂದು ಕಿಣ್ವ ಇಲ್ಲ.

ಮಗಳೂ ಅಳಿಯನೂ ಮಿಕಿಮಿಕಿ ನೋಡುತ್ತಿದ್ದರು. ಅಜ್ಜಿ ಮಾತ್ರ ಆ ಬಾಣದ ಗುರುತುಗಳನ್ನು ನೋಡಿ, "ಇದು ನಮ್ಮ ಲೈನ್ ಅಲ್ವಾ ಡಾಕ್ಟರಮ್ಮ?" ಎಂದಿದ್ದಳು.

ಅವತ್ತು ಹುಟ್ಟಿದ ಕಥೆಯೇ ಹರಳುವಿನ ಅಚ್ಚುಮೆಚ್ಚಿನ ಕಥೆ. ದಿನಕ್ಕೊಮ್ಮೆಯಾದರೂ ಬೇಕು.

"ನಿನ್ನ ಬೆನ್ನೊಳಗೆ ಎರಡು ಬೂಟು ಕಾರ್ಖಾನೆ ಇವೆ," ಎಂದು ಅಜ್ಜಿ ಶುರು ಮಾಡುತ್ತಿದ್ದಳು. "ಕೊಲೆಸ್ಟ್ರಾಲ್ ಅಂದ್ರೆ ಊರೆಲ್ಲ ಬೈಯುತ್ತೆ. ಪಾಪ, ಅದೇ ಅಲ್ಲಿ ಹಸಿ ಚರ್ಮ. ಒಂದೇ ಬಾಗಿಲಿಂದ ಒಳಗೆ ಬರುತ್ತೆ. ಮೊದಲನೇ ಮೇಜಲ್ಲಿ ಅಂಚು ಕತ್ತರಿಸ್ತಾರೆ, ಎರಡನೇದರಲ್ಲಿ ಮಡಿಸ್ತಾರೆ, ಹೀಗೇ ಮುಂದೆ ಹೋಗಿ ಮೂರು ಥರ ಬೂಟಾಗುತ್ತೆ."

"ಒಂದು ಉಪ್ಪಿನ ಬೂಟು."

"ಹೂಂ. ಅದನ್ನ ಹಾಕ್ಕೊಂಡ್ರೆ ಮೈಯಲ್ಲಿರೋ ಉಪ್ಪು ಸೋರಿ ಹೋಗಲ್ಲ. ಇನ್ನೊಂದು ಕಷ್ಟಕಾಲದ ಬೂಟು. ಜ್ವರ ಬರಲಿ, ಬಿದ್ದು ಪೆಟ್ಟಾಗಲಿ, ಅದಿದ್ರೆ ಮೈ ನಿಂತ್ಕೊಳ್ಳುತ್ತೆ. ಮೂರನೇದು ದೊಡ್ಡೋರಾದಾಗ ಬೇಕಾಗೋ ಬೂಟು. ಮೀಸೆ ಬರೋರಿಗೆ ಮೀಸೆ, ಜಡೆ ಹೆಣೆಯೋರಿಗೆ ಜಡೆ."

"ಈಗ ಮೂರನೇ ಮೇಜು."

"ಮೂರನೇ ಮೇಜು ಖಾಲಿ. ಅಲ್ಲಿ ಕೂರಬೇಕಾದವಳು ಬರಲೇ ಇಲ್ಲ. ಉಪ್ಪಿನ ಬೂಟಿಗೂ ಕಷ್ಟದ ಬೂಟಿಗೂ ಅವಳ ಕೈಯ ಹೊಲಿಗೆ ಆಗಲೇಬೇಕು. ಆಗದೆ ಮಾಲೆಲ್ಲ ಅಲ್ಲೇ ಗುಡ್ಡೆ ಬಿತ್ತು. ಉಕ್ಕಿದ ಮಾಲು ಬೇರೆ ದಾರಿ ಇಲ್ಲದೆ ದೊಡ್ಡೋರ ಬೂಟಿನ ಲೈನಿಗೆ ಹರೀತು, ಅಲ್ಲಿ ಬೇಡದಷ್ಟು ಬೂಟು. ಮೇಲಿನ ಮಹಡೀಲಿ, ಅಂದ್ರೆ ನಿನ್ನ ತಲೇಲಿ, ಮೇಸ್ತ್ರಿ ಕೂತಿದಾನೆ. ಅವನಿಗೆ ಕೆಳಗಡೆ ಏನಾಗಿದೆ ಅಂತ ಗೊತ್ತಾಗಲ್ಲ. ಕಷ್ಟದ ಬೂಟು ಬರ್ತಿಲ್ಲ, ಕಷ್ಟದ ಬೂಟು ಬರ್ತಿಲ್ಲ ಅಂತ ಗಂಟೆ ಹೊಡೆದೂ ಹೊಡೆದೂ ಇನ್ನಷ್ಟು ಚರ್ಮ ಒಳಗೆ ಹಾಕಿಸ್ತಾನೆ."

"ಅದಕ್ಕೆ ಮಾತ್ರೆ."

"ಅದಕ್ಕೆ ಮಾತ್ರೆ. ಹೊರಗಡೆಯಿಂದ ತಂದ ಸಿದ್ಧ ಬೂಟು. ಅದನ್ನ ನೋಡಿದ್ರೆ ಮೇಸ್ತ್ರಿ ಗಂಟೆ ನಿಲ್ಲಿಸ್ತಾನೆ."

"ಅಜ್ಜಿ, ಮೂರನೇ ಮೇಜಿನವಳು ಎಲ್ಲಿಗೆ ಹೋದ್ಲು?"

ಈ ಪ್ರಶ್ನೆಗೆ ದಿನಕ್ಕೊಂದು ಉತ್ತರ. ಒಮ್ಮೆ ನೂಲು ತರಲು ಹೋಗಿ ದಾರಿ ತಪ್ಪಿದ್ದಳು. ಒಮ್ಮೆ ಸಮುದ್ರ ನೋಡಲು ಹೋಗಿ ಮೀನಿನ ಜೊತೆ ಮಾತಿಗೆ ಕೂತಿದ್ದಳು. ಇನ್ನೊಮ್ಮೆ ಮೇಸ್ತ್ರಿಯ ಬೈಗುಳ ಕೇಳಲಾರದೆ ಹಕ್ಕಿಯಾಗಿ ಕಿಟಕಿಯಿಂದ ಹಾರಿದ್ದಳು. ಉತ್ತರ ಯಾವುದೇ ಇರಲಿ, ಕೊನೆಯ ಮಾತು ಒಂದೇ: "ಅವಳು ಬರೋ ತನಕ ಆ ಮೇಜಲ್ಲಿ ನಾನು ಕೂತಿದೀನಿ."

ಅದು ಬರೀ ಕಥೆಯಾಗಿರಲಿಲ್ಲ. ಮಾತ್ರೆಯ ಪೆಟ್ಟಿಗೆಯ ಬೀಗದ ಕೈ ಅಜ್ಜಿಯ ಸೊಂಟದಲ್ಲಿತ್ತು. ಮಗುವಿಗೆ ಬೇಕಾದ್ದು ಮಾತ್ರೆಯ ಸಣ್ಣ ಚೂರು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ. ಚರ್ಮ ಕತ್ತರಿಸುವ ಹಳೆಯ ಬಾಗು ಕತ್ತಿಯಿಂದ ಅಜ್ಜಿ ಮಾತ್ರೆಯನ್ನು ನಾಲ್ಕು ಭಾಗ ಮಾಡಿದರೆ ನಾಲ್ಕೂ ಅಣ್ಣತಮ್ಮಂದಿರ ಹಾಗೆ ಸಮ. ಗೋಡೆಯ ಮೇಲೆ ಮಗಳು ಬರೆದಂಟಿಸಿದ ಪಟ್ಟಿ ಇತ್ತು. ಒಂದೊಂದು ಚೂರಿಗೂ ಒಂದೊಂದು ಗುರುತು ಹಾಕಬೇಕು. ಜ್ವರ ಬಂದರೆ, ಮೂಳೆ ಮುರಿದರೆ ಮೂರು ಪಟ್ಟು. ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ಸೂಜಿ ಚುಚ್ಚಿ ಸೀದಾ ಆಸ್ಪತ್ರೆ. ಆ ಸೂಜಿಯ ಚೀಲ, ಜ್ವರಕ್ಕೆಂದು ಇಟ್ಟ ಒಂದಿಷ್ಟು ಮಾತ್ರೆಯ ಸಮೇತ, ಅಡುಗೆಮನೆಯ ಕಪಾಟಿನಲ್ಲಿ ಬೀಗವಿಲ್ಲದೆ ಇರುತ್ತಿತ್ತು. ಅಜ್ಜಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಿದ್ದಳು. ಏಳು ವರ್ಷದಲ್ಲಿ ಒಂದು ಚೂರೂ ತಪ್ಪಿರಲಿಲ್ಲ.

ತಪ್ಪಿರಲಿಲ್ಲ, ನಿಜ. ಹೆಚ್ಚಾಗಿತ್ತು. ಅದು ಅಜ್ಜಿಗೂ ಹರಳುವಿಗೂ ಮಾತ್ರ ಗೊತ್ತಿದ್ದ ಸಂಗತಿ.

ಒಂದೂವರೆ ವರ್ಷದ ಹಿಂದೆ ಪಕ್ಕದ ಮನೆಯವರು ಸಾಮಾನು ಲಾರಿಗೆ ತುಂಬಿಕೊಂಡು ಬೇರೆ ಊರಿಗೆ ಹೋದರು. ಆ ಮನೆಯ ಹುಡುಗಿ ಹರಳುವಿನ ಜೀವದ ಗೆಳತಿ. ಹರಳು ಎರಡು ದಿನ ತಟ್ಟೆ ಮುಟ್ಟಲಿಲ್ಲ. ಮೆಟ್ಟಿಲ ಮೇಲೆ ಕೂತು ಖಾಲಿ ಮನೆಯ ಬಾಗಿಲು ನೋಡುತ್ತ ಅತ್ತಳು. ಅಜ್ಜಿಗೆ ಆಗ ಕಾರ್ಖಾನೆಯ ನೆನಪಾಯಿತು. ತನ್ನ ಗಂಡ ತೀರಿಕೊಂಡ ವಾರದಲ್ಲೇ ಆಕೆ ಕೆಲಸಕ್ಕೆ ಹೋಗಬೇಕಾಗಿ ಬಂದಿತ್ತು. ಯಂತ್ರದ ಮುಂದೆ ಕೂತರೆ ಸೂಜಿಯೇ ಕಾಣುತ್ತಿರಲಿಲ್ಲ. ಪಕ್ಕದ ಮೇಜಿನ ದಪ್ಪಕ್ಕ ಏನೂ ಮಾತಾಡದೆ ಆಕೆಯ ಬುಟ್ಟಿಯಿಂದ ಚರ್ಮ ಎತ್ತಿಕೊಂಡು, ತನ್ನ ಪಾಲಿನ ಜೊತೆಗೆ ಆಕೆಯ ಪಾಲಿನ ನಲವತ್ತು ಜೊತೆಯನ್ನೂ ಹೊಲಿದಿಟ್ಟಿದ್ದಳು. ಹಾಗೆ ಆರು ದಿನ. ಅದು ಅಲ್ಲಿನ ಹೆಂಗಸರ ರೂಢಿ. ದುಃಖದವಳ ಪಾಲನ್ನು ಪಕ್ಕದವಳು ಹೊಲಿಯಬೇಕು. ಯಾರೂ ಹೇಳಬಾರದು, ಯಾರೂ ಕೇಳಬಾರದು.

ಜ್ವರದ ದಿನ ಮೈಗೆ ಹೆಚ್ಚು ಬೇಕಾದರೆ ಎದೆ ಒಡೆದ ದಿನ ಬೇಡವೇ? ಅಜ್ಜಿ ಮೆಲ್ಲಗೆ ಪೆಟ್ಟಿಗೆ ತೆಗೆದು ಒಂದು ಚೂರು ಹೆಚ್ಚಿಗೆ ಕೊಟ್ಟಳು. ಹುಡುಗಿ ಸ್ವಲ್ಪ ಹೊತ್ತಿಗೆ ಊಟ ಕೇಳಿದಳು. ಎರಡು ದಿನ ಅತ್ತವಳಿಗೆ ಹಸಿವಾಗಿತ್ತು, ಅಷ್ಟೆ. ಆದರೆ ಅಜ್ಜಿಗೆ ಚೂರಿನ ಮಹಿಮೆ ಕಂಡಿತು. ಅದಕ್ಕೆ ಅವರಿಬ್ಬರ ನಡುವೆ ಹೆಸರೂ ಹುಟ್ಟಿತು: ಕಣ್ಣೀರಿನ ಚೂರು. ಆಮೇಲೆ ಟೀಚರು ಗದರಿಸಿದ ದಿನ ಒಂದು. ಪದ್ಯ ಒಪ್ಪಿಸುವ ದಿನ ಕೈಕಾಲು ನಡುಗಿದ್ದಕ್ಕೆ ಒಂದು. ಗುಡುಗಿಗೆ ಹೆದರಿದ್ದಕ್ಕೆ, ಸಾಕಿದ ಮೊಲ ಸತ್ತಿದ್ದಕ್ಕೆ, ಅಪ್ಪ ಹೇಳಿದ ಹೊತ್ತಿಗೆ ಬಾರದ್ದಕ್ಕೆ. ಮಕ್ಕಳ ಬದುಕಿನಲ್ಲಿ ಅಳುವಿಗೇನು ಕೊರತೆ? ಈಚೆಗಂತೂ ವಾರದಲ್ಲಿ ನಾಲ್ಕೈದು ಸಲವಾದರೂ ಆಗುತ್ತಿತ್ತು.

"ಮಾತ್ರೆ ಯಾಕಮ್ಮ ಇಷ್ಟು ಬೇಗ ಖಾಲಿ ಆಗ್ತಿದೆ?" ಎಂದು ಮಗಳು ಒಮ್ಮೆ ಕೇಳಿದ್ದಳು.

"ಕತ್ತರಿಸುವಾಗ ಪುಡಿ ಆಗುತ್ತೆ ಕಣೆ."

ಮೂವತ್ತೊಂದು ವರ್ಷ ಉಗುರಿನಷ್ಟು ಚರ್ಮ ದಂಡ ಮಾಡದ ಕೈ ಅದು. ಆ ಸುಳ್ಳು ಹೇಳುವಾಗ ಆಕೆಗೆ ಆದ ನಾಚಿಕೆ ಅಷ್ಟಿಷ್ಟಲ್ಲ. ಆದರೂ ಹೇಳಿದಳು.

ಮಂಗಳವಾರ ಮೂವರೂ ಆಸ್ಪತ್ರೆಗೆ ಹೋದರು. ಡಾಕ್ಟರಮ್ಮನ ಕೋಣೆ ಚಿಕ್ಕದು. ತೂಕದ ಯಂತ್ರ, ಗೋಡೆಗೆ ಎತ್ತರದ ಪಟ್ಟಿ, ಮೇಜಿನ ಮೇಲೆ ಗಾಜಿನ ಲೋಟದಲ್ಲಿ ನಾಲ್ಕು ಪೆನ್ನು. ಅವರು ಹರಳುವಿನ ಕೈಯ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿದರು. ರಕ್ತದ ವರದಿ ನೋಡಿದರು. ಮತ್ತೆ ಎಕ್ಸ್‌ರೇ.

"ತೂಕ ಏರಿದೆ, ಎತ್ತರ ನಿಂತಿದೆ," ಎಂದರು. "ರಕ್ತದಲ್ಲಿ ಆ ಅರ್ಧ ತಯಾರಾದ ಮಾಲು, ಅಜ್ಜಿ ಹೇಳೋ ಮೂರನೇ ಮೇಜಿನ ಗುಡ್ಡೆ ಇದೆಯಲ್ಲ, ಅದು ಸ್ವಲ್ಪವಾದ್ರೂ ಇರಬೇಕು. ಇವಳಲ್ಲಿ ಇಲ್ಲವೇ ಇಲ್ಲ. ಅಂದ್ರೆ ಮೇಸ್ತ್ರಿ ಗಾಢವಾಗಿ ನಿದ್ದೆ ಹೋಗಿದಾನೆ. ಔಷಧಿ ಹೆಚ್ಚಾಗ್ತಿದೆ."

"ಹೆಚ್ಚಾದ್ರೆ ಎತ್ತರ ನಿಲ್ಲುತ್ತಾ?" ಎಂದಳು ಮಗಳು.

"ಅದು ಕಷ್ಟಕಾಲದ ಹಾರ್ಮೋನು ಅಲ್ವಾ. ದಿನಾ ಹೆಚ್ಚು ಸಿಕ್ರೆ ಮೈ ಏನು ತಿಳ್ಕೊಳ್ಳುತ್ತೆ? ಕಷ್ಟಕಾಲ ಬಂದಿದೆ, ಮುಗೀತಾನೇ ಇಲ್ಲ ಅಂತ. ಬಾಗಿಲಲ್ಲಿ ಶತ್ರು ನಿಂತಿರುವಾಗ ಯಾರಾದ್ರೂ ಮನೆ ಮೇಲೆ ಇನ್ನೊಂದು ಮಹಡಿ ಕಟ್ತಾರಾ? ಬೆಳೆಯೋದನ್ನ ನಿಲ್ಲಿಸಿ ಕೊಬ್ಬು ಕೂಡಿಡುತ್ತೆ."

ಅಜ್ಜಿ ಎಕ್ಸ್‌ರೇಯಲ್ಲಿದ್ದ ಪುಟ್ಟ ಕೈಯನ್ನು ನೋಡಿದಳು. ಒಂದೂವರೆ ವರ್ಷ ತಾನು ಆ ಪುಟ್ಟ ಮೈಯೊಳಗೆ ಯುದ್ಧದ ಡಂಗುರ ಹೊಡೆಸುತ್ತ ಕೂತಿದ್ದೆನೇ?

"ನಾನು ಬರೆದಿರೋದಕ್ಕಿಂತ ಹೆಚ್ಚಿಗೆ ಏನೂ ಕೊಡ್ತಿಲ್ಲ ತಾನೆ?" ಡಾಕ್ಟರಮ್ಮ ಬರೆಯುತ್ತಲೇ ಕೇಳಿದರು.

"ಇಲ್ಲ," ಎಂದಳು ಮಗಳು, ಕೇಳಿದ್ದೇ ತಪ್ಪೆಂಬಂತೆ. "ನಮ್ಮಮ್ಮ ಕತ್ತೀಲಿ ಕತ್ತರಿಸಿ ಕೊಡ್ತಾರೆ. ಒಂದು ಕಾಳು ಹೆಚ್ಚಿಲ್ಲ, ಒಂದು ಕಾಳು ಕಮ್ಮಿ ಇಲ್ಲ."

ಅಜ್ಜಿ ಬಾಯಿ ತೆರೆದಳು. ಸೊಂಟದ ಬೀಗದ ಕೈ ತಡವಿಕೊಂಡು ಮತ್ತೆ ಮುಚ್ಚಿದಳು. ಹರಳು ತಿರುಗಿ ಅಜ್ಜಿಯ ಮುಖ ನೋಡಿದಳು. ಆಮೇಲೆ ಬೂಟಿನ ತುದಿ ನೋಡಿಕೊಳ್ಳುತ್ತ, ತುಟಿಯನ್ನು ಒಳಕ್ಕೆಳೆದುಕೊಂಡು ಬಿಗಿಯಾಗಿ ಮುಚ್ಚಿದಳು.

"ಹಾಗಾದ್ರೆ ನಾನು ಬರೆದದ್ದೇ ಜಾಸ್ತಿ ಆಯ್ತು," ಎಂದರು ಡಾಕ್ಟರಮ್ಮ. "ಮೂರು ಹೊತ್ತಿಂದೂ ಕಮ್ಮಿ ಮಾಡ್ತೀನಿ. ಇವತ್ತು ಸಂಜೆಯಿಂದಲೇ."

ಮಗಳು ಔಷಧಿ ಕಿಟಕಿಯ ಮುಂದೆ ಸಾಲಿನಲ್ಲಿ ನಿಂತಳು. ಅಜ್ಜಿಯೂ ಮೊಮ್ಮಗಳೂ ಹೊರಗಿನ ಮೆಟ್ಟಿಲಿಗೆ ಬಂದರು. ಅಲ್ಲಿ ಹರಳು ಅಜ್ಜಿಯ ಕೈಹಿಡಿದು ಜಗ್ಗಿ, ಕಿವಿಯ ಹತ್ತಿರ ಬಾಯಿಟ್ಟು, ಬಹುಮಾನ ಗೆದ್ದವಳಂತೆ ಪಿಸುಗುಟ್ಟಿದಳು:

"ನಾನು ಹೇಳಲಿಲ್ಲ ನೋಡು, ಅಜ್ಜಿ."

ಅಜ್ಜಿ ಮೆಟ್ಟಿಲ ಮೇಲೆ ಕೂತಳು.

ಏಳು ವರ್ಷದ ಮಗು ಔಷಧಿಯ ವಿಷಯ ಡಾಕ್ಟರಿಂದ ಮುಚ್ಚಿಡಲು ಕಲಿತಿದೆ. ಕಲಿಸಿದವಳು ತಾನು. ನಾಳೆ ದೊಡ್ಡವಳಾಗಿ ತಾನೇ ಮಾತ್ರೆ ತೆಗೆದುಕೊಳ್ಳುವಾಗ, ಒಂದು ಹೊತ್ತು ತಪ್ಪಿಸಿ, ತಪ್ಪಿಸಿಲ್ಲ ಎಂದರೆ? ಆಕೆ ಕಾರ್ಖಾನೆಯ ಲೆಕ್ಕದಲ್ಲೇ ಯೋಚಿಸಿದಳು. ಡಾಕ್ಟರಮ್ಮ ನೋಡಿದ್ದು ತನ್ನ ಕಳ್ಳ ಮಾಲು ಸೇರಿದ ರಾಶಿಯನ್ನು. ಕಡಿಮೆ ಮಾಡಿದ್ದು ನ್ಯಾಯವಾದ ಮಾಲನ್ನು. ಈಗ ಚೂರು ನಿಲ್ಲಿಸಿದರೆ ಎರಡೂ ಕಡೆಯಿಂದ ಕಡಿಮೆಯಾಗುತ್ತದೆ. ಒಂದು ದಿನ ಹುಡುಗಿ ಹನ್ನೆರಡನೆಯ ದಿನದ ಕೂಸಿನ ಹಾಗೆ ಹಿಂಡಿದ ಬಟ್ಟೆಯಾಗಿ ಬಿದ್ದಿರುತ್ತಾಳೆ. ನಿಲ್ಲಿಸದಿದ್ದರೆ ಆ ಗೆರೆ ಅಲ್ಲೇ ಇರುತ್ತದೆ. ಯಾರಿಗೂ ಹೇಳದೆ ಹಳೆಯ ಅಳತೆಯನ್ನೇ ಕತ್ತರಿಸಿ ಕೊಟ್ಟರೆ? ಅದು ಒಂದು ಸುಳ್ಳಿಗೆ ಇನ್ನೊಂದು ಸುಳ್ಳಿನ ತೇಪೆ.

ಹೇಳಿದರೆ ಬೀಗದ ಕೈ ಹೋಗುತ್ತದೆ. ಮೂರನೆಯ ಮೇಜು ಹೋಗುತ್ತದೆ. ಕಾರ್ಖಾನೆ ಬಿಟ್ಟ ಮೇಲೆ ಆಕೆಗೆ ಇದ್ದ ಮೇಜು ಅದೊಂದೇ.

"ಉಪ್ಪು ತಿಂದವರು ನೀರು ಕುಡಿಯಲೇಬೇಕು," ಎಂದು ಎದ್ದಳು.

"ನಾನು ಇವತ್ತು ಉಪ್ಪು ತಿಂದೇ ಇಲ್ಲ," ಎಂದಳು ಹರಳು.

"ತಿಂದವಳು ನಾನು. ಬಾ."

ಡಾಕ್ಟರಮ್ಮನ ಕೋಣೆಯಲ್ಲಿ ಬೇರೆ ಯಾರೋ ಕೂತಿದ್ದರು. ಅಜ್ಜಿ ಬಾಗಿಲಲ್ಲೇ ಕಾದಳು. ಮಗಳು ಮಾತ್ರೆ ಹಿಡಿದುಕೊಂಡು ಹುಡುಕುತ್ತ ಬಂದಳು. "ಇಲ್ಲೇನು ಮಾಡ್ತಿದೀಯಮ್ಮ? ಬಸ್ ಹೋಗುತ್ತೆ."

"ನೀನೂ ಒಳಗೆ ಬಾ. ಎರಡು ಸಲ ಹೇಳೋ ಶಕ್ತಿ ನನಗಿಲ್ಲ."

ಆಕೆ ಹೇಳಿದಳು. ಖಾಲಿ ಮನೆಯಿಂದ ಹಿಡಿದು ಮೊಲದವರೆಗೆ, ಪುಡಿಯ ಸುಳ್ಳಿನವರೆಗೆ, ಒಂದನ್ನೂ ಬಿಡದೆ. ಹೇಳುವಷ್ಟು ಹೊತ್ತೂ ಮಗಳ ಕಡೆ ನೋಡಲಿಲ್ಲ. ಲೋಟದಲ್ಲಿದ್ದ ಪೆನ್ನುಗಳನ್ನೇ ನೋಡುತ್ತಿದ್ದಳು.

ಡಾಕ್ಟರಮ್ಮ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಅಜ್ಜಿ, ನೀವು ಯೋಚಿಸಿದ್ದು ಪೂರ್ತಿ ತಪ್ಪಲ್ಲ. ನನಗೂ ನಿಮಗೂ ಹೆದರಿಕೆ ಆದ್ರೆ, ದುಃಖ ಆದ್ರೆ, ಆ ಟೋಪಿಗಳು ಇನ್ನಷ್ಟು ಕಳಿಸ್ತವೆ. ಆದ್ರೆ ಅವು ಚಿಟಿಕೆಯಷ್ಟು ಕಳಿಸಿ, ಅಳು ನಿಂತ ಕೂಡಲೇ ಕೈ ಬಿಗಿ ಹಿಡೀತವೆ. ಮಾತ್ರೆಗೆ ಆ ಬುದ್ಧಿ ಇಲ್ಲ. ನುಂಗಿದ್ರೆ ನುಂಗಿದ ಹಾಗೇ. ಮಕ್ಕಳ ಅಳುವಿಗೆಲ್ಲ ಅದು ಬೇಕಾಗಿಲ್ಲ. ಜ್ವರಕ್ಕೆ ಬೇಕು, ಮೂಳೆಗೆ ಬೇಕು." ಅವರು ಆಗಷ್ಟೇ ಬರೆದುಕೊಟ್ಟಿದ್ದ ಚೀಟಿಯನ್ನು ಮಗಳ ಕೈಯಿಂದ ತೆಗೆದುಕೊಂಡು ಅಡ್ಡಗೆರೆ ಎಳೆದರು. "ಹಳೇ ಅಳತೆಯೇ ಇರಲಿ. ಚೂರು ಮಾತ್ರ ನಿಲ್ಲಬೇಕು. ಮೂರು ತಿಂಗಳಿಗೆ ಮತ್ತೆ ರಕ್ತ ನೋಡೋಣ. ಈ ಕಮ್ಮಿ ಅಳತೇಲಿ ಇವಳಿಗೆ ಒಂದು ಜ್ವರ ಬಂದಿದ್ರೆ..." ಮಾತನ್ನು ಅಲ್ಲಿಗೇ ಬಿಟ್ಟರು.

"ಎತ್ತರ?" ಎಂದಳು ಅಜ್ಜಿ.

"ಮೂಳೆ ಇನ್ನೂ ಎಳೇದಾಗೇ ಇದೆ. ಕಾಯೋಣ. ಕಳಕೊಂಡದ್ದೆಲ್ಲ ವಾಪಸ್ ಬರುತ್ತೆ ಅಂತ ಮಾತು ಕೊಡಲಾರೆ."

ಮನೆ ಬಂದ ಮೇಲೆ ಮಗಳು ಕೈ ಚಾಚಿದಳು. ಅಜ್ಜಿ ಸೊಂಟದಿಂದ ಬೀಗದ ಕೈ ಬಿಚ್ಚಿ ಅದರ ಮೇಲಿಟ್ಟಳು. ಮಗಳು ಅದನ್ನು ಕನ್ನಡಕದ ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡಳು.

"ದಿನಾ ಗಾಜು ನೋಡೋ ಕಣ್ಣು ನಂದು," ಎಂದಳು. "ಮನೆಯೊಳಗಿಂದು ಕಾಣಲಿಲ್ಲ. ದೀಪದ ಬುಡ ಕತ್ತಲೆ ಅಂತಾರಲ್ಲ, ಹಾಗಾಯ್ತು ನನ್ನ ಬಾಳು." ಗದರಿದ್ದರೆ ಅಜ್ಜಿಗೆ ಹಗುರಾಗುತ್ತಿತ್ತು.

ಮಾರನೆಯ ದಿನದಿಂದ ಬೆಳಗಿನ ಚೂರು, ಸಂಜೆಯ ಚೂರು ಮಗಳ ಕೈಯಲ್ಲಿ. ಮಧ್ಯಾಹ್ನದ ಹೊತ್ತಿಗೆ ಅವಳು ಕೆಲಸದಲ್ಲಿರುತ್ತಿದ್ದಳು. ಶಾಲೆಯ ಬಾಗಿಲಿಗೆ ಹೋಗಿ ಕೊಟ್ಟು ಬರುವವಳು ಅಜ್ಜಿಯೇ. ಹಾಗಾಗಿ ಬೆಳಿಗ್ಗೆ ಹೊರಡುವ ಮುಂಚೆ ಮಗಳು ಒಂದೇ ಒಂದು ಚೂರನ್ನು ಕನ್ನಡಕದ ಗಾಜು ಸುತ್ತುವ ತೆಳು ಕಾಗದದಲ್ಲಿ ನಾಲ್ಕು ಮಡಿಕೆ ಮಡಿಸಿ ಮೇಜಿನ ಮೇಲೆ ಇಡುತ್ತಿದ್ದಳು. ಅಡುಗೆ ಕತ್ತಿಯಲ್ಲಿ ಕತ್ತರಿಸಿದ ಚೂರು, ಅಂಚೆಲ್ಲ ಸೊಟ್ಟ. ಆ ಪುಟ್ಟ ಪೊಟ್ಟಣ ಎತ್ತಿಕೊಳ್ಳುವಾಗ ಆಕೆಯ ಕೈಗೆ ಅದು ಕಲ್ಲಿನಷ್ಟು ಭಾರ.

ಅತ್ತೆಯ ತಟ್ಟೆಗೆ ಅಳಿಯನೇ ಬಡಿಸುತ್ತಿದ್ದ ಆ ದಿನಗಳಲ್ಲಿ. "ಅತ್ತೆ, ಇನ್ನು ಅವಳು ಅಡ್ಡಡ್ಡ ಆದ್ಲು ಅಂತ ನಿಮ್ಮ ಅಡುಗೆಗೆ ಬೈಯಲ್ಲ ಬಿಡಿ," ಎಂದ ಒಮ್ಮೆ. ಅಜ್ಜಿ ನಗಲು ನೋಡಿದಳು, ಆಗಲಿಲ್ಲ.

ಹನ್ನೊಂದನೆಯ ದಿನ ಅಜ್ಜಿ ಪೊಟ್ಟಣ ಹಿಡಿದು ಶಾಲೆಯ ಬಾಗಿಲಿಗೆ ಹೋದಾಗ ಹರಳು ಬಿಕ್ಕುತ್ತ ಬಂದಳು. ತರಗತಿಯ ಫೋಟೋ ತೆಗೆಯಲು ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿದ್ದರಂತೆ. ಎಲ್ಲರಿಗಿಂತ ಮುಂದೆ ಇವಳು. ಹಿಂದಿನಿಂದ ಯಾರೋ, ಇವಳು ಒಂದನೇ ತರಗತಿಯಿಂದ ತಪ್ಪಿ ಬಂದಿದಾಳೆ ಅಂದರಂತೆ. ಎಲ್ಲರೂ ನಕ್ಕರಂತೆ. ಫೋಟೋ ತೆಗೆಯುವವನೂ ನಕ್ಕನಂತೆ.

ಬಾಗಿಲ ಪಕ್ಕದ ಕಲ್ಲು ಬೆಂಚಿನಲ್ಲಿ ಇಬ್ಬರೂ ಕೂತರು. ಅಜ್ಜಿ ಪೊಟ್ಟಣ ಬಿಚ್ಚಿ ಮಧ್ಯಾಹ್ನದ ಚೂರು ಕೊಟ್ಟು, ನೀರು ಕುಡಿಸಿದಳು. ಹರಳು ನುಂಗಿದಳು. ಮತ್ತೆ ಅಂಗೈ ಚಾಚಿದಳು.

"ಕಣ್ಣೀರಿನದು?"

"ಇಲ್ಲ ಕಂದ."

"ಮನೇಲಿ ಸೂಜಿ ಚೀಲದಲ್ಲಿ ಇದೆಯಲ್ಲ."

ಅದು ಅಜ್ಜಿಗೂ ಗೊತ್ತಿತ್ತು. ಬೀಗವಿಲ್ಲದ ಚೀಲ, ಎಂಟು ನಿಮಿಷದ ದಾರಿ. ಆಕೆಯ ಕಾಲು ತಾನಾಗಿಯೇ ಏಳಲು ನೋಡಿತು. ತಾನೇ ಕುಳ್ಳಗೆ ಮಾಡಿದ ಮಗು ಕುಳ್ಳಗಿದ್ದುದಕ್ಕೆ ಅಳುತ್ತಿದೆ, ತನ್ನನ್ನೇ ಮದ್ದು ಕೇಳುತ್ತಿದೆ. ಇದಕ್ಕಿಂತ ದೊಡ್ಡ ಶಿಕ್ಷೆಯನ್ನು ಯಾವ ಮೇಸ್ತ್ರಿಯೂ ಕೊಟ್ಟಿರಲಿಲ್ಲ.

"ಕೊಡಲ್ಲ," ಎಂದಳು. "ಅದು ಜ್ವರದ್ದು. ನಿನಗೆ ಜ್ವರ ಇಲ್ಲ."

"ನೀನು ಕೆಟ್ಟೋಳು."

"ಹೂಂ."

"ಮೊದಲು ಕೊಡ್ತಿದ್ದೆ."

"ಮೊದಲು ಕೊಟ್ಟಿದ್ದಕ್ಕೇ ನೀನು ಇವತ್ತು ಮುಂದಿನ ಸಾಲಲ್ಲಿ ನಿಂತೆ. ನಿನ್ನ ಎತ್ತರ ನಿಲ್ಲಿಸಿದ್ದು ನಾನು ಕಣೆ. ಗೊತ್ತಿಲ್ಲದೆ ಮಾಡಿದೆ. ಮಾಡಿದ್ದಂತೂ ನಾನೇ."

ಹರಳು ಬಿಕ್ಕುವುದನ್ನು ನಿಲ್ಲಿಸಿ ನೋಡಿದಳು. ಅಜ್ಜಿ ಅಳುವುದನ್ನು ಅವಳು ಇದೇ ಮೊದಲು ನೋಡುತ್ತಿದ್ದುದು. ಆಮೇಲೆ ತನ್ನ ಅಳುವೂ ಬಾಕಿ ಇದ್ದುದು ನೆನಪಾಗಿ ಮತ್ತೆ ಶುರು ಮಾಡಿದಳು. ಇಬ್ಬರೂ ಅತ್ತರು. ಅಂಚೆಯವನೊಬ್ಬ ಸೈಕಲ್ ನಿಧಾನ ಮಾಡಿ, ಏನೋ ಕೇಳಲು ಹೋಗಿ, ಬೇಡವೆಂದು ಮುಂದೆ ಹೋದ. ಒಳಗೆ ಗಂಟೆ ಹೊಡೆಯಿತು. ಅಜ್ಜಿ ಮಗುವಿನ ಬೆನ್ನ ಮೇಲೆ ಕೈಯಿಟ್ಟುಕೊಂಡಿದ್ದಳು. ಆ ಎರಡು ಟೋಪಿಗಳು ಇರುವ ಕಡೆಯಲ್ಲೇ. ಅಂಗೈ ಕೆಳಗೆ ಬಿಕ್ಕು ಏಳುತ್ತಿತ್ತು, ಇಳಿಯುತ್ತಿತ್ತು, ಏಳುವುದು ಕಡಿಮೆಯಾಯಿತು. ತಾನು ಏನೂ ಕೊಟ್ಟಿರಲಿಲ್ಲ. ಅದು ತಾನಾಗಿಯೇ ಇಳಿಯುತ್ತಿತ್ತು.

ಹರಳು ಅಜ್ಜಿಯ ಕೆನ್ನೆಗೆ ಬೆರಳು ಹಚ್ಚಿ ಬಾಯಿಗಿಟ್ಟುಕೊಂಡಳು.

"ಉಪ್ಪಿದೆ," ಎಂದಳು. ಇನ್ನೊಮ್ಮೆ ಹಚ್ಚಿ ನೆಕ್ಕಿದಳು. "ಚೆನ್ನಾಗಿದೆ."

"ಸಾಕು ಬಿಡೆ, ಅಜ್ಜೀನೇ ತಿಂದುಬಿಡ್ತೀಯ."

"ಅಜ್ಜಿ, ಮೂರನೇ ಮೇಜಿನವಳು ಎಲ್ಲಿಗೆ ಹೋದ್ಲು?"

ಅಜ್ಜಿ ಮೂಗೊರೆಸಿಕೊಂಡಳು. "ಎಲ್ಲೂ ಹೋಗಿಲ್ಲ. ಅವಳು ಇರಲೇ ಇಲ್ಲ. ಇನ್ನು ಬರೋದೂ ಇಲ್ಲ."

ಹರಳು ಬೆಂಚಿನಿಂದ ಕೆಳಗೆ ಜಿಗಿದಳು. "ಹಾಗಾದ್ರೆ ಆ ಹಕ್ಕಿ ಯಾರದು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ತರಗತಿಗೆ ಓಡಿದಳು.

ಸಂಜೆ ಮಗಳು ಬಂದು ಚಪ್ಪಲಿ ಬಿಡುವ ಮೊದಲೇ ಹರಳು ದೂರು ಹಿಡಿದು ನಿಂತಿದ್ದಳು.

"ಅಮ್ಮಾ, ಇವತ್ತು ನಾನು ತುಂಬಾ ಅತ್ತೆ. ಅಜ್ಜಿ ಕಣ್ಣೀರಿನ ಚೂರು ಕೊಡಲೇ ಇಲ್ಲ. ಕೇಳಿದೆ, ಆದ್ರೂ ಕೊಡಲಿಲ್ಲ. ಸೂಜಿ ಚೀಲದಲ್ಲಿದೆ ಅಂತ ಹೇಳಿದೆ, ಆದ್ರೂ ಕೊಡಲಿಲ್ಲ. ನೀನು ಅಜ್ಜಿಗೆ ಬೈಯಬೇಕು."

ಅಜ್ಜಿ ಒಲೆಯ ಮುಂದೆ ನಿಂತಿದ್ದಳು, ತಿರುಗಲಿಲ್ಲ. ಮಗಳು ಒಂದು ಚಪ್ಪಲಿ ಬಿಟ್ಟು ಒಂದು ಹಾಕಿಕೊಂಡೇ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಆ ದಪ್ಪ ಗೆರೆ ಅವಳ ಮೊಣಕೈ ಪಕ್ಕದಲ್ಲೇ ಇತ್ತು.

"ಕೊಡಲೇ ಇಲ್ವಾ?"

"ಇಲ್ಲ. ತಾನೂ ಅತ್ಲು, ಅಷ್ಟೆ."

"ಏನೇನಾಯ್ತು, ಎಲ್ಲಾ ಹೇಳು ನೋಡೋಣ," ಎಂದು ಮಗಳು ಹೊಸ್ತಿಲ ಮೇಲೆ ಕೂತುಬಿಟ್ಟಳು. ಹರಳು ಒಂದನ್ನೂ ಮುಚ್ಚಿಡದೆ ಹೇಳಿದಳು: ಫೋಟೋ, ನಕ್ಕವರ ಹೆಸರು, ಅಂಚೆಯವನು, ಉಪ್ಪು. ಚಾಡಿ ಹೇಳುವ ಸುಖದಲ್ಲಿ ಮಧ್ಯಾಹ್ನದ ದುಃಖವೇ ಮರೆತುಹೋಗಿತ್ತು. ಕೇಳುತ್ತ ಕೇಳುತ್ತ ಮಗಳ ಕೈ ಕೊರಳಿನ ದಾರದ ಮೇಲೆ ಹೋಯಿತು.

ಮಾರನೆಯ ಬೆಳಿಗ್ಗೆ ಮೇಜಿನ ಮೇಲೆ ತೆಳು ಕಾಗದದ ಪೊಟ್ಟಣ ಇರಲಿಲ್ಲ. ಅಲ್ಲಿ ಬೀಗದ ಕೈ ಇತ್ತು. ಪಕ್ಕದಲ್ಲಿ ಅಜ್ಜಿಯ ಬಾಗು ಕತ್ತಿ, ಯಾರೋ ಒರೆಸಿ ಹೊಳೆಯುವಂತೆ ಮಾಡಿಟ್ಟದ್ದು.

ಅಜ್ಜಿ ಪೆಟ್ಟಿಗೆ ತೆರೆದಳು. ಒಂದು ಮಾತ್ರೆಯನ್ನು ಹಲಗೆಯ ಮೇಲಿಟ್ಟು, ಕತ್ತಿಯ ಬಾಗನ್ನು ಅದರ ನೆತ್ತಿಗೆ ತಾಗಿಸಿ, ಒತ್ತಿದಳು. ಎರಡಾಯಿತು. ತಿರುಗಿಸಿ ಒತ್ತಿದಳು. ನಾಲ್ಕಾಯಿತು. ಮಗಳು ಹಿಂದೆ ನಿಂತು, ಗಾಜು ಪರೀಕ್ಷಿಸುವವಳಂತೆ, ಹಲಗೆಯ ಮೇಲೆ ಬಗ್ಗಿ ನೋಡಿದಳು.

"ಪುಡಿ ಎಲ್ಲಮ್ಮ? ಕಾಣ್ತಿಲ್ಲ."

ಅಜ್ಜಿ ಹಲಗೆಯನ್ನು ಅವಳ ಕಡೆ ಓರೆ ಮಾಡಿ ತೋರಿಸಿದಳು.

"ಆಗಲ್ಲ ಕಣೆ," ಎಂದಳು. "ಯಾವತ್ತೂ ಆಗಿರಲಿಲ್ಲ."

ಮಗಳು ಒಂದು ಚೂರು ಎತ್ತಿಕೊಂಡು ಹರಳುವಿನ ಬಾಯಿಗೆ ಹಾಕಿದಳು. ಪಟ್ಟಿಯಲ್ಲಿ ಗುರುತು ಹಾಕಲು ಪೆನ್ಸಿಲನ್ನು ಅಮ್ಮನ ಕೈಗೆ ಕೊಟ್ಟಳು.